ಹತ್ತು ಗಂಟೆಗೆ ಬರುತ್ತೇನೆ ಎಂದ ದಿನ

ನನಗೆ ಮುಖ ತೋರಿಸದೆ ಊರು ಬಿಟ್ಟು ಹೋದ ಎಂದು ಹನ್ನೊಂದು ವರ್ಷ ನಾನು ದೂರಿಕೊಂಡು ಬಂದ ಮನುಷ್ಯನ ಹೆಸರು ದಾವಿತ್. ಇಥಿಯೋಪಿಯಾದವನು. ಅವನ ಪರವಾಗಿ ಸಭೆಯೊಂದರಲ್ಲಿ ಎದ್ದು ನಿಂತು ಮಾತಾಡಿದವನು ನಾನು. ಅವನಿಗೆ ಬೇಕಾದ ಒಂದು ಕಾಗದ ಬರೆದುಕೊಡಲು ಹೇಳಿದ ಹೊತ್ತಿಗೆ ಸರಿಯಾಗಿ ಹೋದವನೂ ನಾನು. ಅವನು ಮಾತ್ರ ಕಾಯದೆ ಹೊರಟುಹೋಗಿದ್ದ. ಇದನ್ನು ಹೆಂಡತಿಗೆ ಹೇಳಿದ್ದೇನೆ, ಸಹೋದ್ಯೋಗಿಗಳಿಗೆ ಹೇಳಿದ್ದೇನೆ, ಒಂದೆರಡು ಸಲ ತರಗತಿಯಲ್ಲೂ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಯಿತು. ತೀರಾ ನುಣುಪಾದ ಸಾಕ್ಷ್ಯವನ್ನು ನಂಬಬೇಡಿ ಎಂದು ಮಕ್ಕಳಿಗೆ ಪಾಠ ಮಾಡುವ ನನಗೆ ಇದರ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಹೋದ ಜೂನ್‌ನಲ್ಲಿ ನನ್ನನ್ನು ಪರೀಕ್ಷಾ ಕೆಲಸಕ್ಕೆಂದು ಹೊಳೆನರಸೀಪುರಕ್ಕೆ ಹಾಕಿದರು. ನನ್ನ ಮನೆ, ಕಾಲೇಜು ಎರಡೂ ಚನ್ನರಾಯಪಟ್ಟಣದಲ್ಲಿ. ದಿನವೂ ಬಸ್ಸಿನಲ್ಲಿ ಓಡಾಡಿದೆ. ಐದನೆಯ ದಿನ ಮಧ್ಯಾಹ್ನ ಪರೀಕ್ಷೆ ಇರಲಿಲ್ಲ. ಅರಕಲಗೂಡಿನ ಕಡೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು, ಯಾಕೆಂದು ಯೋಚಿಸದೆ ಹತ್ತಿದೆ. ಏಳೆಂಟು ಕಿಲೋಮೀಟರ್ ಆದ ಮೇಲೆ ಕಾಲುವೆ ದಾಟಿದರೆ ಎಡಕ್ಕೆ ದಾವಿತ್ ಇದ್ದ ಆ ಊರು. ಡೈರಿ ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರು. ಅದರ ಹಿಂದಿನ ಬೀದಿಗೆ ತಿರುಗುತ್ತಿದ್ದಂತೆ ಹಸಿ ಕಾಫಿಬೀಜವನ್ನು ಬಾಂಡ್ಲಿಯಲ್ಲಿ ಹುರಿಯುವ ವಾಸನೆ ಬಂತು. ಈ ಕಡೆ ಯಾರೂ ಮನೆಯಲ್ಲಿ ಬೀಜ ಹುರಿಯುವುದಿಲ್ಲ. ಚಿಕೋರಿ ಬೆರೆತ ಪುಡಿ ಪೊಟ್ಟಣದಲ್ಲಿ ಬರುತ್ತದೆ. ಈ ಬೀದಿಗೆ ಹುರಿಯುವುದನ್ನು ಕಲಿಸಿದವನು ಒಬ್ಬನೇ. ಬೀದಿಯಲ್ಲೇ ನಿಂತೆ.

"ಯಾರದು, ಪರ್ಕಾಸನಾ? ಅಲ್ಯಾಕ್ಲಾ ಗರುಡಗಂಬ ನಿಂತಂಗೆ ನಿಂತಿದ್ದೀಯ? ಒಳೀಕ್ ಬಾ."

ಜಯಕ್ಕ. ತಲೆ ಪೂರ್ತಿ ಬೆಳ್ಳಗಾಗಿತ್ತು. ದನಿ ಹಾಗೇ ಇತ್ತು.

ಹನ್ನೊಂದು ವರ್ಷದ ಹಿಂದೆ ನಾನು ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ದಾವಿತ್ ಕೂಡ ಅದೇ ಗೈಡ್ ಕೈಕೆಳಗಿದ್ದ. ಅವನು ತನ್ನ ದೇಶದ ನೈರುತ್ಯದ ಕಾಫಿ ಬೆಳೆಯುವ ಸೀಮೆಯವನು, ಅಲ್ಲಿನ ಕಾಲೇಜೊಂದರಲ್ಲಿ ಮೇಷ್ಟ್ರು, ನಾಲ್ಕು ವರ್ಷದ ರಜೆ ಪಡೆದು ಬಂದಿದ್ದ. ಹಳ್ಳಿಯ ಜನ ಹೊತ್ತನ್ನು ಹೇಗೆ ಅಳೆಯುತ್ತಾರೆ, ಹಾಲಿನ ಡೈರಿ ಬಂದ ಮೇಲೆ ಅದು ಹೇಗೆ ಬದಲಾಯಿತು, ತನ್ನ ಊರಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಅವನ ವಿಷಯ. ಭಾಷೆಗೆ ನಾನು ಜೊತೆಯಾದೆ, ಅವನೂ ಅಷ್ಟಿಷ್ಟು ಕನ್ನಡ ಕಲಿತ. ರಜೆಯ ಕೊನೆಯ ವರ್ಷ, ಆರಿದ್ರೆ ಮಳೆ ಹಿಡಿದಾಗ ಈ ಊರಿಗೆ ಬಂದವನು ಜಯಕ್ಕನ ಮನೆಯ ಹೊರಕೋಣೆಯಲ್ಲಿ ಬಿಡಾರ ಮಾಡಿದ. ನಾನು ಹಾಸನದಲ್ಲಿ ರೂಮು ಮಾಡಿಕೊಂಡು ವಾರಕ್ಕೆ ನಾಲ್ಕು ದಿನ ಅಲ್ಲಿಗೆ ಹೋಗುತ್ತಿದ್ದೆ. ಎರಡು ದಿನ ಅವನ ಕೋಣೆಯಲ್ಲೇ ಉಳಿಯುತ್ತಿದ್ದೆ.

ಜಯಕ್ಕ ಊರಿನ ಮಹಿಳಾ ಡೈರಿಯ ಕಾರ್ಯದರ್ಶಿ. ಹೊತ್ತಿನ ವಿಷಯದಲ್ಲಿ ಆಕೆಗಿಂತ ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಏಳೂವರೆಗೆ ಮುಚ್ಚುವುದು, ಹಾಲಿನ ವ್ಯಾನ್ ಅಷ್ಟೊತ್ತಿಗೆ ಬರುತ್ತದೆ. ಏಳೂ ಮೂವತ್ತೆರಡಕ್ಕೆ ಓಡಿಬಂದ ಸ್ವಂತ ನಾದಿನಿಯ ಹಾಲನ್ನೂ ವಾಪಸ್ಸು ಕಳಿಸಿದವಳು. "ಆಲು ಕೆಡೋಕೆ ನಿನ್ ಗಂಡ ಗೊರಕೆ ಒಡೀತಿದ್ದ ಅನ್ನೋದು ಗೊತ್ತಾಗಲ್ಲ ಕಣಮ್ಮಿ" ಎಂದು ಎಲ್ಲರೆದುರೇ ಹೇಳಿದ್ದಳು. ಅದೇ ಊರಿನವರು ಹನ್ನೊಂದು ಗಂಟೆಯ ಗ್ರಾಮಸಭೆಗೆ ಒಂದು ಗಂಟೆಗೆ ಬಂದು, ಇನ್ನೂ ಯಾರೂ ಬಂದಿಲ್ಲವೆಂದು ಮನೆಗೆ ಹೋಗಿ ಉಂಡು ಬರುತ್ತಿದ್ದರು. ದಾವಿತ್ ಇದನ್ನು ಮೊದಲ ವಾರವೇ ಗುರುತಿಸಿದ. "ಇಲ್ಲಿ ಹಾಲಿಗೆ ಒಂದು ಕಾಲ, ಮನುಷ್ಯರಿಗೆ ಒಂದು ಕಾಲ. ನಮ್ಮೂರು ಇದೇ" ಎಂದ.

ಅವನ ಕೈಗಡಿಯಾರ ನಮ್ಮದಕ್ಕಿಂತ ಬೇರೆ ಹೊತ್ತು ತೋರಿಸುತ್ತಿತ್ತು. ಬೆಳಿಗ್ಗೆ ಏಳಕ್ಕೆ ಅದರಲ್ಲಿ ಒಂದು. ಅವರಲ್ಲಿ ಎಣಿಕೆ ಶುರುವಾಗುವುದು ಬೆಳಗಾದ ಮೇಲೆ. "ಎಲ್ಲರೂ ಮಲಗಿರುವಾಗ, ನಡುರಾತ್ರಿಯಲ್ಲಿ, ಯಾರಿಗೋಸ್ಕರ ದಿನ ಶುರು ಮಾಡೋದು?" ಎಂದು ಅವನು ಕೇಳಿದ. ಜಯಕ್ಕನ ಮಾವ ಸಿದ್ದೇಗೌಡರು, ಆಗಲೇ ಎಂಬತ್ತು ದಾಟಿದವರು, ಜಗಲಿಯ ಮೂಲೆಯಿಂದ ಜೋರಾಗಿ ನಕ್ಕರು.

"ನಮ್ಮಜ್ಜನೂ ಅಂಗೇ ಕಣಪ್ಪ ದಾವಿದಪ್ಪ. ವತ್ತುಟ್ಟಿ ನಾಕು ಗಳಿಗೆ, ಐದು ಗಳಿಗೆ ಅಂತ ಎಣಿಸ್ತಿದ್ದ. ಈ ಗಡಿಯಾರ ಬಂದ್ಮ್ಯಾಕೆ ನಾವೇ ಕೆಟ್ಟೋದ್ವು."

ದಾವಿತ್ ಆ ಮುದುಕರ ಮುಂದೆ ಎರಡು ತಿಂಗಳು ಕೂತ. ಮಾರುದ್ದ ಹೊತ್ತು ಏರಿದಾಗ, ದನ ಬಿಡೋ ಹೊತ್ತು, ಇಳಿಹೊತ್ತು, ದೀಪ ಹಚ್ಚೋ ಹೊತ್ತು ಎಂದು ಅವರು ಹೇಳುವುದು, ಅವನು ಬರೆದುಕೊಳ್ಳುವುದು. ತನ್ನ ದೇಶದ ವರ್ಷಕ್ಕೆ ಹದಿಮೂರು ತಿಂಗಳು ಎಂದು ಅವನು ಹೇಳಿದರೆ ಗೌಡರು ನಮ್ಮ ವರ್ಷಕ್ಕೆ ಇಪ್ಪತ್ತೇಳು ಮಳೆ ಎಂದು ಗೆದ್ದರು. ತನ್ನ ದೇಶದ ದಕ್ಷಿಣದ ದನಗಾಹಿಗಳಲ್ಲಿ ಎಂಟೆಂಟು ವರ್ಷಕ್ಕೆ ಮುಖಂಡ ಬದಲಾಗುತ್ತಾನೆ, ಆ ಎಂಟು ವರ್ಷವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ ಎಂದು ಅವನು ಹೇಳಿದ. "ಅದೇನ್ ಮಾ ವಿಶೇಸ? ನನ್ ಕಿರೀಮಗ ಉಟ್ಟಿದ್ದು ಗೊರೂರು ಡ್ಯಾಮಿಗೆ ಕಲ್ಲೊಡೀತಿದ್ದಾಗ. ಇಸವಿ ಕೇಳಿದ್ರೆ ನಂಗೆಲ್ಲಿ ಗೊತ್ತು?" ಎಂದರು ಗೌಡರು.

ಕಾಫಿಯ ವಿಷಯವೂ ಹೇಳಬೇಕು. ಸಂಜೆ ಅವನು ಬೀಜ ಹುರಿದು, ಕುಟ್ಟಿ, ಕುದಿಸಿ, ಪುಟ್ಟ ಲೋಟಗಳಿಗೆ ಹಾಲಿಲ್ಲದೆ ಬಸಿಯುತ್ತಿದ್ದ. ಒಂದೇ ಪುಡಿಗೆ ಮತ್ತೆ ನೀರು ಹಾಕಿ ಎರಡನೆಯ ಸುತ್ತು, ಆಮೇಲೆ ಮೂರನೆಯದು. ಮೂರನೆಯದರ ಹೆಸರು ಬರಕಾ, ಎಂದರೆ ಆಶೀರ್ವಾದ. ಅದಕ್ಕೆ ಮೊದಲು ಎದ್ದು ಹೋಗುವುದು ಮನೆಯವರಿಗೆ ಮಾಡುವ ಅವಮಾನ.

"ಒಂದೇ ಪುಡಿಗೆ ಮೂರ್ ಸಲ ನೀರುಯ್ಯೋದು ನಮ್ಮತ್ತೆ ಕಾಲದಾಗೂ ಇತ್ತು ಕಣಪ್ಪ" ಎಂದಳು ಜಯಕ್ಕ. "ನಾವದನ್ನ ಬಡತನ ಅಂತಿದ್ವಿ."

ಅವನು ನಗುತ್ತಾ, "ಅಕ್ಕ, ಹೆಸರು ಬದಲಾಯಿಸಿ" ಎಂದ.

ಸುತ್ತುಗಳ ನಡುವೆ ಮಾತು. ಎರಡು ತಾಸು ಹೋಗುತ್ತಿತ್ತು. ಆ ಎರಡು ತಾಸಿನಲ್ಲಿ ಯಾರು ಬಂದು ಕರೆದರೂ ಅವನು ಏಳುತ್ತಿರಲಿಲ್ಲ. ನನಗೆ ಚಡಪಡಿಕೆ. ಒಂದು ಕಾಲು ಯಾವಾಗಲೂ ಬಸ್ಸಿನ ಕಡೆಗೆ.

ನಾನು ಅವನ ಬಗ್ಗೆ ಪುಸ್ತಕವೊಂದನ್ನು ಇಡಲು ಶುರು ಮಾಡಿದ್ದು ಪುಷ್ಯ ಮಳೆಯಲ್ಲಿ, ಜಡಿ ಹಿಡಿದು ಬಟ್ಟೆ ಒಣಗದ ವಾರ. ಗೈಡ್ ನನ್ನನ್ನು ಕರೆಸಿ ಹೇಳಿದರು: "ನೋಡಿ ಪ್ರಕಾಶ್, ದಾವಿತ್ ಏನು ಬರೆಯುತ್ತಾನೋ ಅದು ಬೇರೆ. ಅವನೇ ಒಂದು ಒಳ್ಳೆಯ ಕೇಸ್. ಎಷ್ಟು ಗಂಟೆಗೆ ಬರ್ತೀನಿ ಅಂದ, ಎಷ್ಟಕ್ಕೆ ಬಂದ, ಕಾರಣ ಏನು ಅಂತ ಒಂದು ನೋಟ್‌ಬುಕ್ ಇಡಿ. ಅವನಿಗೆ ಹೇಳಬೇಡಿ, ಹೇಳಿದರೆ ನಡವಳಿಕೆ ಬದಲಾಗುತ್ತೆ. ಪೇಪರ್ ಆದರೆ ನಿಮ್ಮ ಹೆಸರೂ ಇರುತ್ತೆ."

ಹೇಳದೆ ಗಮನಿಸುವುದು ಒಂದು ವಿಧಾನ ಎಂದು ನಾನು ಓದಿದ್ದೆ. ಓದಿದ್ದು ಅನುಕೂಲಕ್ಕೆ ಬಂತು. ಬಸವಾಪಟ್ಟಣದ ಅಂಗಡಿಯಲ್ಲೋ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲೋ, ಈಗ ನೆನಪಿಲ್ಲ, ನೀಲಿ ರಟ್ಟಿನ ನೋಟ್‌ಬುಕ್ ಕೊಂಡು ಅಡ್ಡಗೆರೆ ಉದ್ದಗೆರೆ ಹಾಕಿದೆ.

ಅವನು ತಡವಾಗಿ ಬರುತ್ತಿದ್ದನೇ? ಬರುತ್ತಿದ್ದ. ಇದರಲ್ಲಿ ನನ್ನ ನೆನಪು ತಪ್ಪಿಲ್ಲ. ಒಂದು ದಿನ ಅರಕಲಗೂಡಿನಲ್ಲಿ ಹಳೆಯ ಪೋಸ್ಟ್ ಮಾಸ್ತರರೊಬ್ಬರನ್ನು ನೋಡುವುದಿತ್ತು. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತು. ಅವನು ಬಂದದ್ದು ಒಂದೂ ಹತ್ತಕ್ಕೆ. ದಾರಿಯಲ್ಲಿ ಟೀ ಕುಡಿಯಲು ಇಳಿದಿದ್ದಾನೆ. ಟೀ ಅಂಗಡಿಯ ಮುದುಕ, ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಹೋದ ಮಗನ ವಿಷಯ ಹೇಳಲು ಶುರು ಮಾಡಿದ್ದಾನೆ. ದಾವಿತ್‌ಗೆ ಅರ್ಧ ಮಾತೂ ಅರ್ಥವಾಗಿಲ್ಲ. "ಆದರೂ ಅವನು ಅಳುತ್ತಿದ್ದ. ಅಳುವವನ ಎದುರು ಗಡಿಯಾರ ನೋಡೋದು ಹೇಗೆ?" ಎಂದ. ಮೂರು ತಾಸು ನೆನೆದುಕೊಂಡು ನಿಂತಿದ್ದ ನಾನು ರೇಗಿದೆ. ಅವನು ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ತಪ್ಪು ಮಾಡಿದೆ ಎಂಬ ಭಾವ ಮಾತ್ರ ಅವನ ಮುಖದಲ್ಲಿ ಇರಲಿಲ್ಲ. ನಾನು ಕಾದದ್ದಕ್ಕೆ ಅವನಿಗೆ ಬೇಸರವಾಗಿತ್ತು, ಅಷ್ಟೆ.

ಅವತ್ತು ಪುಸ್ತಕದಲ್ಲಿ ಬರೆದೆ: ಮೂರು ತಾಸು ಹತ್ತು ನಿಮಿಷ ತಡ. ಕಾರಣ: ಮಾತು.

ಬರೆಯದೆ ಬಿಟ್ಟದ್ದು ಬೇರೆ ಇದೆ. ದಿನವೂ ಬೆಳಿಗ್ಗೆ ಐದೂವರೆಗೆ ಅವನು ಡೈರಿಯ ಬಾಗಿಲಲ್ಲಿ ನಿಂತಿರುತ್ತಿದ್ದ. ಜಯಕ್ಕ ಬೀಗ ತೆಗೆಯುವ ಮೊದಲು. ಮಗೆ ಮಳೆ ಹೊಡೆಯುತ್ತಿದ್ದಾಗಲೂ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದ. ಯಾವ ಮನೆಯ ಹಾಲು ಯಾವಾಗ ಬಂತು, ಯಾರು ಯಾಕೆ ಓಡಿಬಂದರು ಎಂದು ಒಂದು ದಿನವೂ ತಪ್ಪಿಸದೆ ಬರೆದುಕೊಂಡ. ಇದನ್ನೂ ನೋಟ್‌ಬುಕ್ಕಿನಲ್ಲಿ ಸೇರಿಸಲೇ ಎಂದು ನಾನು ಗೈಡ್‌ರನ್ನು ಕೇಳಿದ್ದೆ. "ಡೈರಿಯ ಹೊತ್ತು ವ್ಯವಸ್ಥೆ ಹೇರಿದ್ದು. ಅದು ಸಂಸ್ಕೃತಿ ಅಲ್ಲ, ಬೇಡ" ಎಂದರು. ನನಗೆ ಅದು ಬುದ್ಧಿವಂತಿಕೆಯ ಮಾತಾಗಿ ಕೇಳಿಸಿತು.

ನಮ್ಮ ವಿಭಾಗದಲ್ಲಿ ರುವಾಂಡಾದ ಹುಡುಗಿಯೊಬ್ಬಳು ಓದುತ್ತಿದ್ದಳು. ಹತ್ತರ ಕ್ಲಾಸಿಗೆ ಒಂಬತ್ತೂ ಐವತ್ತಕ್ಕೆ ಬಂದು ಬೆಂಚು ಒರೆಸಿ ಕೂರುವವಳು. ಅವಳ ಬಗ್ಗೆ ಗೈಡ್ ಪುಸ್ತಕ ಇಡಿಸಲಿಲ್ಲ. ಒಮ್ಮೆ ಅವಳ ಮಾತು ಬಂದಾಗ, ನನ್ನ ಪುಸ್ತಕದ ವಿಷಯ ಏನೂ ತಿಳಿಯದ ದಾವಿತ್ ತಮಾಷೆಗೆ ಹೇಳಿದ್ದ: "ಆಫ್ರಿಕಾದಲ್ಲಿ ಐವತ್ತಕ್ಕೂ ಮೇಲೆ ದೇಶ ಇವೆ. ನಮ್ಮ ಪ್ರೊಫೆಸರರ ಆಫ್ರಿಕಾದಲ್ಲಿ ಇರೋದು ನಾನೊಬ್ಬನೇ."

ಸ್ವಾತಿ ಮಳೆಯ ಹೊತ್ತಿಗೆ ಹಾಸನದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಹತ್ತಕ್ಕೆ ಉದ್ಘಾಟನೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ದಾವಿತ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂಬತ್ತೂವರೆಗೇ ಬಂದು ಮುಂದಿನ ಸಾಲಿನಲ್ಲಿ ಕೂತ. ಮುಖ್ಯ ಅತಿಥಿಗಳು ಬಂದದ್ದು ಹನ್ನೊಂದೂ ನಲವತ್ತಕ್ಕೆ. ಅವರಿಗೆ ಮೈಸೂರು ಪೇಟ ತೊಡಿಸಿ, ಸಮಯಪ್ರಜ್ಞೆ ಉಳ್ಳವರು ಎಂದು ಹೊಗಳಿ, ದೀಪ ಹಚ್ಚಿಸಿದರು. ಯಾರೂ ನಗಲಿಲ್ಲ. ಮಧ್ಯಾಹ್ನ ನಮ್ಮ ಗೈಡ್ ಎದ್ದು ಆಫ್ರಿಕನ್ ಸಮಾಜಗಳ ಕಾಲಪ್ರಜ್ಞೆ ಎಂಬ ಪ್ರಬಂಧ ಓದಿದರು. 'ಮಾಹಿತಿದಾರ ಡಿ' ಎಂಬುವನು ಅರಕಲಗೂಡಿಗೆ ಮೂರು ತಾಸು ಹತ್ತು ನಿಮಿಷ ತಡವಾಗಿ ಬಂದದ್ದನ್ನು ಓದಿ, ಒಂದು ಕ್ಷಣ ತಡೆದು, "ಕಾರಣ: ಮಾತು" ಎಂದರು. ಸಭೆ ನಕ್ಕಿತು. ಈ ಜನಕ್ಕೆ ನಾಳೆ ಎಂಬ ಕಲ್ಪನೆಯೇ ತೆಳು, ಅಭಿವೃದ್ಧಿಗೆ ಇದೇ ತೊಡಕು ಎಂಬುದು ಅವರ ತೀರ್ಮಾನ. ತೆರೆಯ ಮೇಲೆ ನನ್ನ ಕೈಬರಹದ ಪುಟ ಬಂತು. ದಾವಿತ್ ನನ್ನ ಬರಹ ಬಲ್ಲ.

ಅವನು ಹಿಂತಿರುಗಿ ನೋಡಲಿಲ್ಲ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ. "ಸರ್, ಆ ಪುಸ್ತಕದಲ್ಲಿ ಬೆಳಗಿನ ಆರು ಗಂಟೆ ಇದೆಯಾ?"

"ನಿಮ್ಮ ಗಡಿಯಾರದ ಆರೋ, ನಮ್ಮದೋ?" ಎಂದರು ಗೈಡ್. ಇನ್ನೊಂದು ನಗು.

ಆ ದಿನ ನನಗೆ ನೋವಾಗಿತ್ತು ಎಂದು ಹೇಳಿಕೊಂಡು ಬಂದಿದ್ದೇನೆ. ನೋವಾಗಿತ್ತು, ನಿಜ. ಯಾಕೆಂದು ಈಗ ಕೆದಕಿದರೆ ಬೇರೊಂದು ಸಿಗುತ್ತದೆ: ಪ್ರಬಂಧದ ಮೇಲೆ ನನ್ನ ಹೆಸರಿರಲಿಲ್ಲ. ಕೊನೆಯಲ್ಲಿ, ಕ್ಷೇತ್ರಕಾರ್ಯದಲ್ಲಿ ನೆರವಾದ ವಿದ್ಯಾರ್ಥಿಗೆ ಕೃತಜ್ಞತೆ ಎಂದಿತ್ತು. ಮೋಸ ಹೋದೆ ಎಂದು ನನಗೆ ಮೊದಲು ಅನಿಸಿದ್ದು ಅದಕ್ಕೆ.

ಎರಡು ವಾರದ ನಂತರ ಹಾಸನದಲ್ಲೇ ಪ್ರಗತಿ ಪರಿಶೀಲನೆಯ ಸಮಿತಿ. ದಾವಿತ್‌ನ ನಾಲ್ಕು ವರ್ಷದ ರಜೆ ಮುಗಿಯುತ್ತ ಬಂದಿತ್ತು. ಇನ್ನೊಂದು ವರ್ಷ ಸಿಗಬೇಕಾದರೆ ಕೆಲಸ ಕ್ರಮವಾಗಿ ನಡೆದಿದೆ ಎಂದು ಸಮಿತಿ ಬರೆಯಬೇಕು. ಸಂಕಿರಣದ ಪ್ರಶ್ನೆಯನ್ನು ಗೈಡ್ ಮರೆತಿರಲಿಲ್ಲ. ನನ್ನ ನೋಟ್‌ಬುಕ್ಕಿನ ಜೆರಾಕ್ಸ್ ಮೇಜಿನ ಮೇಲಿಟ್ಟು, "ಕ್ಷೇತ್ರಕಾರ್ಯದಲ್ಲಿ ಶಿಸ್ತಿಲ್ಲ, ದಾಖಲೆ ಇದೆ" ಎಂದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಜೊತೆಗಿದ್ದವರು. ಇವರು ಕ್ರಮವಾಗಿ ಕೆಲಸ ಮಾಡಿದ್ದಾರಾ?" ಎಂದು ಕೇಳಿದರು.

ನನ್ನ ನೆನಪಿನಲ್ಲಿ ನಾನು ಎದ್ದು ನಿಲ್ಲುತ್ತೇನೆ. ದಿನವೂ ಐದೂವರೆಗೆ ಡೈರಿಯ ಬಾಗಿಲಲ್ಲಿ ಇರುತ್ತಿದ್ದ ಸರ್, ಒಂದು ದಿನವೂ ತಪ್ಪಿಸಿಲ್ಲ ಎನ್ನುತ್ತೇನೆ. ಮುಖ ಕೆಂಪಾಗಿದೆ, ಹಣೆಯ ಮೇಲೆ ಕೂದಲು ಬಿದ್ದಿದೆ. ಎಷ್ಟು ಸ್ಪಷ್ಟ! ಆದರೆ ತನ್ನ ಹಣೆಯ ಮೇಲೆ ಬಿದ್ದ ಕೂದಲನ್ನು ಎದುರಿನಿಂದ ನೋಡಿದವರು ಯಾರಿದ್ದಾರೆ? ಕನ್ನಡಿ ಇಲ್ಲದ ಕೋಣೆಯಲ್ಲಿ ನನ್ನ ಮುಖ ನನಗೆ ಹೇಗೆ ಕಂಡಿತು? ಹಾಗಾದರೆ ಈ ಚಿತ್ರವನ್ನು ನಾನು ಆಮೇಲೆ ಕೂತು ಬರೆದುಕೊಂಡಿದ್ದೇನೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ನೆನೆಸಿಕೊಂಡರೆ ಸಿಗುವುದು ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ, ಅದರ ಅಂಚಿನ ಹೂವು, ಅದನ್ನೇ ದಿಟ್ಟಿಸುತ್ತಾ "ಸರ್ ಹೇಳಿದ ಹಾಗೆ…" ಎಂದು ಶುರುವಾಗಿ ಮುಗಿಯದೆ ಉಳಿದ ಒಂದು ದನಿ. ಅದು ನನ್ನದೇ ಇರಬೇಕು. ಪಕ್ಕದ ಕುರ್ಚಿಯಲ್ಲಿ ದಾವಿತ್ ಇದ್ದ.

ಒಂದು ವರ್ಷ ಸಿಗಲಿಲ್ಲ. ಹೊರಗೆ ಬಂದ ಮೇಲೆ ಅವನು ನನ್ನನ್ನು ಬಯ್ಯಲಿಲ್ಲ. ಹಾಸನದ ಬಸ್ ಸ್ಟ್ಯಾಂಡಿನವರೆಗೂ ಜೊತೆಯಲ್ಲೇ ನಡೆದೆವು. ಪ್ಲಾಟ್‌ಫಾರಂನಲ್ಲಿ ನಿಂತು ಹೇಳಿದ:

"ನನಗೆ ಒಂದು ಕಾಗದ ಬೇಕು. ನೀನು ಕಂಡದ್ದನ್ನು ಬರೆ. ಬೆಳಗಿನ ಹೊತ್ತಿನದು. ಸಹಿ ಹಾಕು. ನಮ್ಮ ಕಾಲೇಜಿಗೆ ತೋರಿಸಿದರೆ ಬೇರೆ ಗೈಡ್ ಹುಡುಕಿಕೊಳ್ಳೋಕೆ ಒಂದು ವರ್ಷ ಕೊಡ್ತಾರೆ. ಕಾಗದ ಇಲ್ಲದಿದ್ದರೆ ನಾಲ್ಕು ವರ್ಷ ನೀರಿಗೆ ಹಾಕಿದ ಹಾಗೆ. ನಾಡಿದ್ದು ಬೆಂಗಳೂರಿನಿಂದ ವಿಮಾನ. ನಾಳೆ ಸಂಜೆ ಊರಿನಿಂದ ಹೊರಡ್ತೇನೆ."

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇನೆ" ಎಂದೆ.

"ಯಾವ ಹತ್ತು?" ಎಂದು ಕೇಳಿ ಅವನು ಸ್ವಲ್ಪ ನಕ್ಕ. "ನಿಮ್ಮದೇ" ಎಂದೆ. ಅವನ ಹತ್ತು ಎಂದರೆ ನಮ್ಮ ಸಂಜೆ ನಾಲ್ಕು, ನಮ್ಮದು ಎನ್ನಬೇಕಿತ್ತು. ಅವನು ತಿದ್ದಲಿಲ್ಲ.

ನಾನು ಹನ್ನೊಂದು ವರ್ಷ ಹೇಳಿಕೊಂಡು ಬಂದದ್ದು ಇದು: ಹತ್ತಕ್ಕೆ ಸರಿಯಾಗಿ ಜಯಕ್ಕನ ಮನೆಗೆ ಹೋದೆ. ಹೊರಕೋಣೆ ಗುಡಿಸಿತ್ತು. ಅವನು ಹೋಗಿದ್ದ. ಜಯಕ್ಕ ಹೆಚ್ಚು ಮಾತಾಡದೆ ಒಂದು ತಟ್ಟೆ ಗಿಣ್ಣು ತಂದುಕೊಟ್ಟಳು, ಹಸು ಈದಿತ್ತು. ಜಗಲಿಯ ಮೇಲೆ ಒಬ್ಬನೇ ಕೂತು ತಿಂದೆ. ಮಾತಿಗೆ ತಪ್ಪುವವರ ಹೊತ್ತು ಹೀಗೇ ಎಂದುಕೊಂಡೆ. ಅವತ್ತಿನ ದಿನಕ್ಕೆ ಪುಸ್ತಕದ ಕೊನೆಯ ಸಾಲು ಬರೆದೆ. ಗೊತ್ತು ಮಾಡಿದ ಹೊತ್ತು: ಹತ್ತು. ಬಂದ ಹೊತ್ತು: ಬರಲಿಲ್ಲ. ಕಾರಣದ ಮನೆಯನ್ನು ಖಾಲಿ ಬಿಟ್ಟೆ. ಆಮೇಲೆ ನನ್ನ ಪಿಎಚ್‌.ಡಿ. ಅದೇ ಗೈಡ್ ಕೈಕೆಳಗೆ ಆಯಿತು. ಕೆಲಸಕ್ಕೆ ಅವರೇ ಶಿಫಾರಸು ಬರೆದರು.

ಹೋದ ಜೂನ್‌ನಲ್ಲಿ ಜಯಕ್ಕನ ಜಗಲಿಯ ಮೇಲೆ, ಅವಳು ಕುಟ್ಟಿದ ಪುಡಿಯನ್ನು ಕುದಿಯುವ ನೀರಿಗೆ ಹಾಕುತ್ತಿರುವಾಗ, ನಾನು ಆ ಹಳೆಯ ಕಥೆಯನ್ನೇ ಎತ್ತಿದೆ. ಬಾಯಿಪಾಠ ಅಲ್ಲವೇ, ಸರಾಗವಾಗಿ ಬಂತು.

"ನೋಡಕ್ಕ, ಕೊನೇ ದಿನವೂ ಅವನು ಕಾಯಲಿಲ್ಲ. ಹತ್ತಕ್ಕೆ ಬಂದರೆ ಮನುಷ್ಯನೇ ಇಲ್ಲ."

ಜಯಕ್ಕ ಸೌಟು ಕೆಳಗಿಟ್ಟಳು. "ಯಾವತ್ತು?"

"ಹೋಗೋ ದಿನ."

"ಓಗೋ ದಿನ ನೀನೆಲ್ಲಿ ಬಂದೆ?"

"ಬಂದಿದ್ದೆನಲ್ಲ. ಗಿಣ್ಣು ಕೊಟ್ಟೆ ನೀನು."

"ಗಿಣ್ಣು ಕೊಟ್ಟೆ, ಇಲ್ಲ ಅನ್ನಾಕಿಲ್ಲ. ಅದು ಮಾರನೇ ದಿನದ್ದು ಕಣಪ್ಪ. ಕೆಂದಸ ಈದಿದ್ದು ದಾವಿದಪ್ಪ ಓದ ದಿನ ಬೆಳಗ್ಗೆ. ಕರಾನ ಎಳೆಯೋಕೆ ಅವ್ನೇ ಕೈ ಆಕಿದ್ದ, ಒಳ್ಳೆ ಅಂಗಿ ಮಾಸ್ಕಂಡ. ಮೊದಲ್ನೇ ಗಿಣ್ಣು ತಿಂದೋನು ಅವ್ನು. ನೀನ್ ತಿಂದಿದ್ದು ಮಾರನೇ ದಿನದ ಆಲಿಂದು. ಗಟ್ಟಿ ಕಟ್ಟಿರ್ಲಿಲ್ಲ, ನೀರ್ ಬಿಟ್ಕಂಡಿತ್ತು. ನೀನೇ ಅಂದೆ, ಏನಕ್ಕ ಈ ಸಲ ತೆಳ್ಳಗೈತೆ ಅಂತ."

ತೆಳ್ಳಗಿತ್ತು. ಚಮಚದಿಂದ ಜಾರುತ್ತಿತ್ತು. ಮರೆತೇಹೋಗಿದ್ದ ಆ ಬೆಲ್ಲದ ನೀರು ನಾಲಿಗೆಯ ಮೇಲೆ ಬಂತು. ವಾದ ಮಾಡಲು ಇನ್ನೇನಾದರೂ ಇದೆಯೇ ಎಂದು ಹುಡುಕಿದೆ. ಹಸು ಈದ ದಿನವನ್ನು ಡೈರಿಯ ಕಾರ್ಯದರ್ಶಿ ತಪ್ಪು ಹೇಳುವುದಿಲ್ಲ. ಒಂದು ಇಡೀ ದಿನ ನನ್ನ ಲೆಕ್ಕದಿಂದ ಕಳಚಿ ಬಿದ್ದಿತ್ತು. ಬಿದ್ದಿತ್ತೋ, ನಾನೇ ಕಿತ್ತು ಹಾಕಿದ್ದೆನೋ.

"ನಂಗಂತೂ ಒಟ್ಟೆ ಉರೀತು" ಎಂದಳು ಜಯಕ್ಕ. "ಕೊನೆಗೆ ನಾನೇ ಬರ್ಕೊಟ್ಟೆ. ಡೈರಿ ಲೆಟ್ರುಹೆಡ್ಡಲ್ಲಿ. ಈತ ಐದು ತಿಂಗಳು ದಿನಾ ಐದೂವರೆಗೆ ಬಂದವ್ನೆ, ನಾನು ಕಂಡಿವ್ನಿ ಅಂತ. ಸೀಲ್ ಒತ್ತಿ ಸೈನ್ ಆಕ್ದೆ. ಅದ್ನ ಕಣ್ಣಿಗೊತ್ಕಂಡು ತಕ್ಕಂಡೋದ. ಕನ್ನಡ ಅಲ್ಲಿ ಯಾರು ಓದ್ತಾರೆ ಏಳು."

"ಈಗ ಏನು ಮಾಡ್ತಿದ್ದಾನೆ?"

"ವರ್ಸಕ್ಕೊಂದು ಸಲ ಪೋನ್ ಮಾಡ್ತಾನೆ, ಅವರ ಹೊಸ ವರ್ಸಕ್ಕೆ. ಕಾಲೇಜು ಓಯ್ತಂತೆ. ಇಸ್ಕೂಲ್ ಮೇಷ್ಟ್ರಾಗವ್ನೆ, ಚಿಕ್ಕ ಮಕ್ಕಳಿಗೆ. ಡಾಕ್ಟ್ರೇಟು ಆಗ್ಲಿಲ್ಲ."

"ನನ್ನ ವಿಷಯ ಕೇಳ್ತಾನಾ?"

"ಮೊದ್ಲೆರಡು ವರ್ಸ ಕೇಳ್ದ. ಆಮ್ಯಾಕೆ ಕೇಳ್ಲಿಲ್ಲ." ಅವಳು ಲೋಟ ನನ್ನ ಮುಂದೆ ಸರಿಸಿದಳು. ನಾನು ಮುಟ್ಟಲಿಲ್ಲ.

ಅವನು ನನಗೆ ಮಾಡಿದ ಮೋಸ ಎಂದು ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಇಳಿಸಲು ಜಾಗ ಕಾಣದೆ, ನಾನು ಕೇಳಬಾರದ್ದನ್ನು ಕೇಳಿದೆ. "ಅವತ್ತು ಏನಂದ ಅಕ್ಕ? ಬೈದನಾ?"

"ಬಯ್ಯಾದಾ? ಇದೇ ಜಗಲಿ ಮ್ಯಾಲೆ ಬ್ಯಾಗ್ ಇಟ್ಕಂಡು ಕೂತಿದ್ದ, ಅತ್ತು ಗಂಟೆಯಿಂದ. ಅನ್ನೆರಡರ ಬಸ್ ಬಂತು, ಅದ್ರಾಗೆ ಬತ್ತಾನೆ ಅಂದ. ಇಳೀಲಿಲ್ಲ. ಎರಡೂವರೇದು ಬಂತು. ಊಟಕ್ಕೇಳಪ್ಪ ಅಂದ್ರೆ, ಅವ್ನು ಬರ್ಲಿ ಅಕ್ಕ, ಒಟ್ಟಿಗೆ ಉಣ್ತೀವಿ ಅಂತಾನೆ. ನಾಕರದ್ದು ಬಂತು. ನಂಗೆ ರೇಗೋಯ್ತು. ಆ ಪರ್ಕಾಸ ಬರಾಕಿಲ್ಲ ಕಣ್ಲಾ, ಅವ್ನ್ ಕಾಲ್ ಕಟ್ಟಾಕವ್ರೆ, ನೀನ್ ಓಗು ಅಂದೆ. ಆರು ಗಂಟೆ ಬಸ್ಸಿಗೆ ಎದ್ದ. ಮೆಟ್ಲ ಮ್ಯಾಲೆ ನಿಂತ್ಕಂಡು ಅಂದ, ಅಂಗಲ್ಲ ಅಕ್ಕ, ದಾರೀಲಿ ಯಾರೋ ಕಷ್ಟದಲ್ಲಿರೋರು ಸಿಕ್ಕಿರ್ತಾರೆ, ಅವರನ್ನ ಬುಟ್ಟು ಬರೋಕೆ ಆಗಿರಾಕಿಲ್ಲ, ಬಂದ್ರೆ ಬೈಬ್ಯಾಡ ಅಂತ."

ಅದಕ್ಕೇ ಮಾರನೆಯ ದಿನ ಅವಳು ನನ್ನನ್ನು ಬಯ್ಯದೆ ಗಿಣ್ಣು ಕೊಟ್ಟಿದ್ದಳು.

ಆ ದಿನ ನಾನು ಹಾಸನದ ನನ್ನ ರೂಮಿನಲ್ಲಿದ್ದೆ. ಗೈಡ್ ಫೋನ್ ಮಾಡಿರಲಿಲ್ಲ, ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಬಿಳಿ ಹಾಳೆಯ ಮೇಲೆ ದಿನಾಂಕ ಬರೆದು, ಮಂಚದ ಮೇಲೆ ಕೂತಿದ್ದೆ. ಹೊಳೆನರಸೀಪುರಕ್ಕೆ ಅರ್ಧ ತಾಸಿಗೊಂದು ಬಸ್ಸಿತ್ತು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಕಷ್ಟ ಹೇಳಿಕೊಂಡು ಆ ಕೋಣೆಗೆ ಒಬ್ಬರೂ ಬರಲಿಲ್ಲ.